ಹದಿನಾಲ್ಕನೇ ನಿಮಿಷ

ಪುಣೆ
೧೯ ಜನವರಿ ೨೦೨೬

ಅವ್ವಾ,

ನಿನ್ನ ಪಾದ ಮುಟ್ಟಿ ಮಯೂರಿ ಬರೆಯುವುದು. ಫೋನು ಬಿಟ್ಟು ಕಾಗದ ಯಾಕೆ ಹಿಡಿದಳು ಎಂದು ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ನಾನು ಹತ್ತು ಮಾತು ಹೇಳಿದರೆ ನಿನಗೆ ಎರಡು ಕೇಳಿಸುತ್ತವೆ. ಮೂವತ್ತು ವರ್ಷ ಮಗ್ಗಗಳ ಸದ್ದಿನಲ್ಲಿ ದುಡಿದ ಕಿವಿ. ಆ ಎರಡು ಮಾತಿಗೂ ನೀನು "ಹೂಂ, ಎಲ್ಲಾ ಆರಾಮ ಐತಿ" ಅಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹೋದ ವಾರ ನಿನಗೆ ತಿಳಿಸದೆ ನಮ್ಮ ಕಡೆ ಬಂದು ಹೋದೆ. ನಮ್ಮೂರು ಬೋರಗಾಂವದಿಂದ, ನೀನು ಈಗ ಕೆಲಸಕ್ಕೆಂದು ಹೋಗಿರುವ ಇಚಲಕರಂಜಿಯ ಕೋಣೆಗೆ ಬಸ್ಸಿನಲ್ಲಿ ತಾಸು ದಾರಿಯೂ ಅಲ್ಲ. ಆದರೂ ಬರಲಿಲ್ಲ.

ಕೋರ್ಸಿನ ಕೊನೆಗೆ ನಾವೆಲ್ಲ ಒಂದೊಂದು ಸಿನಿಮಾ ಮಾಡಬೇಕು. ನನ್ನದು ನಿನ್ನ ಬಗ್ಗೆ, ಇಪ್ಪತ್ತಾರು ನಿಮಿಷ. ಪೂರ್ತಿ ಮುಗಿಸುವ ಮೊದಲು ಗುರುತಿಲ್ಲದ ಜನಕ್ಕೆ ತೋರಿಸಿ, ಎಲ್ಲಿ ಬೇಸರವಾಯಿತು ಎಂದು ಬರೆಸಿಕೊಂಡು ತಿದ್ದಬೇಕು. ಮಾಡಿದವಳು ನಾನೇ ಎಂದು ಹೇಳುವಂತಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು, ನೋಡುವವರನ್ನು ನೋಡಬೇಕು. ಅಷ್ಟು ದೂರದಲ್ಲಿ ಪರದೆಯ ಮೇಲೆ ನೀನು, ನಡುವೆ ಯಾರ್ಯಾರದೋ ತಲೆಗಳು. ಅಷ್ಟು ಒಂಟಿ ಅನ್ನಿಸಿದ್ದು ನನಗೆ ಅದೇ ಮೊದಲು.

ಚಿಕ್ಕೋಡಿಯ ಕಾಲೇಜಿನಲ್ಲಿ ಹತ್ತೊಂಬತ್ತು ಜನ ನೋಡಿದರು. ಅವರಲ್ಲಿ ಹನ್ನೊಂದು ಜನ ಹದಿನಾಲ್ಕನೇ ನಿಮಿಷದ ಹತ್ತಿರ ಬೇಸರವಾಯಿತು ಎಂದು ಬರೆದರು. ಅಲ್ಲಿ ನೀನು ಕಾಂಡಿಗೆ ನೂಲು ಸುತ್ತುತ್ತಾ ಲಕ್ಷ್ಮಿಬಾಯಿ ಮಾವಶಿಯ ಜೊತೆ ಮಾತಾಡುತ್ತೀ. ಹೋದ ಯುಗಾದಿಗೆ ಬಂದಾಗ ಶೆಡ್ಡಿನ ಆ ಕೊನೆಯಲ್ಲಿ ನಿಂತು ತೆಗೆದದ್ದು. ಮಗ್ಗಗಳ ಸದ್ದು ಬಿಟ್ಟು ಏನೂ ಕೇಳಿಸುವುದಿಲ್ಲ. ನಮ್ಮ ಸರ್ ಕೂಡ ಅದನ್ನು ಕತ್ತರಿಸು ಅಂದಿದ್ದರು. ನಿಜ ಹೇಳಲೇ, ನನಗೂ ಹಗುರವಾಯಿತು.

ಅಥಣಿಯದು ಕೇಳಿದರೆ ನಗುತ್ತೀ. ಗೆಳತಿ ಶೀತಲ್‌ಳ ಅಪ್ಪ ಪಾರಿಸ ಕಾಕಾ ತಮ್ಮ ಅಂಗಡಿಯ ಮೇಲಿನ ಹಾಲ್ ಕೊಟ್ಟರು, ತಮ್ಮ ಓಣಿಯ ಜನರನ್ನೂ ಕೂಡಿಸಿದರು. ಐದೂವರೆಗೆ ಅಂದದ್ದು ಐದೂ ಮುಕ್ಕಾಲಿಗೆ ಸುರುವಾಯಿತು. ಸರಿಯಾಗಿ ಅದೇ ಹದಿನಾಲ್ಕನೇ ನಿಮಿಷಕ್ಕೆ ಒಬ್ಬೊಬ್ಬರಾಗಿ ಎದ್ದು ಎಲ್ಲರೂ ನಡೆದೇಬಿಟ್ಟರು. ನಾನು ವಹಿಯಲ್ಲಿ ಗೆರೆ ಎಳೆದು ಬರೆದುಕೊಂಡೆ. ಕಾಕಾ ಬಂದು ಹೇಳಿದರು, "ನಿನ್ನ ಪಿಚ್ಚರ್ ಚಂದ ಐತಿ ಬಾಳಾ, ಹೊತ್ತ ಮುಳುಗೂದರೊಳಗ ನಮ್ಮದು ಊಟ ಆಗಬೇಕಲ್ಲ?" ಜೈನರ ಓಣಿಗಳ ನಡುವೆ ಬೆಳೆದ ನಾನು ಪುಣೆಗೆ ಬಂದ ಎರಡೇ ವರ್ಷಕ್ಕೆ ಇದನ್ನು ಮರೆತಿದ್ದೆ. ಖಾಲಿ ಕುರ್ಚಿಗಳ ಮುಂದೆ ಉಳಿದ ಸಿನಿಮಾ ನಾನೊಬ್ಬಳೇ ನೋಡಿದೆ.

ಕೊನೆಗೆ ಬೋರಗಾಂವ. ನಾವಿದ್ದ ಬಾಡಿಗೆ ಮನೆಯ ಮುಂದೆ ಹಾದು ಹೋದೆ, ಬಾಗಿಲಲ್ಲಿ ಬೇರೆಯವರ ಚಪ್ಪಲಿಗಳಿದ್ದವು. ಅಣ್ಣಾಸಾಬರ ಶೆಡ್ಡು ಮಗ್ಗಗಳನ್ನೆಲ್ಲ ಮಾರಿದ ಮೇಲೆ ಖಾಲಿಯೇ ಇದೆ. ನೀನು ಕೂರುತ್ತಿದ್ದ ಗೋಡೆಗೇ ನಾನು ಬಿಳಿ ಬಟ್ಟೆ ಕಟ್ಟಿದೆ. ನಿನ್ನ ಜೊತೆ ದುಡಿದವರು ಆರು ಜನ ಬಂದರು. ಅವರಿಂದ ಗುರುತು ಮುಚ್ಚಿಡುವುದು ಹೇಗೆ, ನನ್ನ ಮೂಗು ಒರೆಸಿದವರು! ಸುರುವಿನಿಂದ ಒಂದೇ ಸಮನೆ ಹರಟೆ. ಹದಿನಾಲ್ಕನೇ ನಿಮಿಷಕ್ಕೆ ಮಾತು ನಿಂತಿತು. ಮಲಕವ್ವ ಸೆರಗು ಬಾಯಿಗೆ ಹಿಡಿದಳು. ಲಕ್ಷ್ಮಿಬಾಯಿ ಮಾವಶಿ ದಡಬಡಿಸಿ ಎದ್ದು ಬೆಳಕಿಗೆ ಅಡ್ಡ ನಿಂತಳು. ನಿನ್ನ ಮುಖದ ಮೇಲೆ ಅವಳ ನೆರಳು.

"ಬಂದ್ ಮಾಡ ಬೇ ಇದನ್ನ! ನಿಮ್ಮವ್ವಗ ಮಾತ ಕೊಟ್ಟೀನಿ ನಾ."

"ಇನ್ನೇನ್ ಮುಚ್ಚತಿ ಬೇ," ಅಂದಳು ಮಲಕವ್ವ. "ಎಲ್ಲಾರೂ ಓದಿ ಆತು."

ಅವ್ವಾ, ಮಗ್ಗದ ಸದ್ದಿನಲ್ಲಿ ನೀವೆಲ್ಲ ತುಟಿ ನೋಡಿಯೇ ಮಾತಾಡಿದವರು. ಕಾಲೇಜಿನವರಿಗೆ ಬೇಸರವಾದ ಆ ಜಾಗ ಅವರಿಗೆ ಬರೆದಿಟ್ಟ ಕಾಗದದಷ್ಟು ಸ್ಪಷ್ಟವಿತ್ತು. ಮಲಕವ್ವ ನೀನು ಅಂದದ್ದನ್ನು ನನಗೆ ಹೇಳಿದಳು: "ಪೋರಿ ನಾಳೆ ಹೊಂಟಾಳ. ಅಕಿ ಹ್ವಾದಮ್ಯಾಲ ಮನ್ಯಾಗ ಯಾರ ಕೂಡ ಮಾತಾಡ್ಲಿ ಬೇ? ಟಿವಿ ಹಚ್ಚಿ ಅವರ ತುಟಿ ನೋಡ್ಕೋತ ಕುಂದರ್ತೀನಿ. ಅಕಿ ಮುಂದ ಹೇಳಬ್ಯಾಡ ಮತ್ತ, ಸಾಲಿ ಬಿಟ್ಟ ಬಂದಾಳು." ಅದು ಕೇಳಿ ನನಗೆ ದಿಕ್ಕು ತೋಚದಾಯಿತು. ಮಾವಶಿ ನನ್ನನ್ನು ಎದೆಗೆ ಒತ್ತಿಕೊಂಡಳು, ನಾನು ಅತ್ತುಬಿಟ್ಟೆ. ಬೇಸರದ ಜಾಗ ಯಾವುದು ಎಂದು ಅವರನ್ನು ಕೇಳಲೇ ಇಲ್ಲ.

ತಿಂಗಳ ಕೊನೆಗೆ ಸಿನಿಮಾ ಒಪ್ಪಿಸಬೇಕು. ಆ ಜಾಗ ಇಡಲೋ ತೆಗೆಯಲೋ ಎಂಬುದು ನಿನ್ನ ಕೈಯಲ್ಲಿದೆ. ನೀನು ಗುಟ್ಟಾಗಿ ಹೇಳಿದ್ದನ್ನು ಊರಿಗೆಲ್ಲ ತೋರಿಸುವ ಹಕ್ಕು ನನಗಿಲ್ಲ. ಆದರೆ ಅದನ್ನು ತೆಗೆದರೆ ಉಳಿಯುವುದು ನೂಲು ಸುತ್ತುವ ಒಬ್ಬ ಹೆಂಗಸು, ನೀನಲ್ಲ. ನಿನ್ನ ರಜೆಯ ದಿನ ಲ್ಯಾಪ್‌ಟಾಪ್ ಹಿಡಿದು ಬರುತ್ತೇನೆ. ಈ ಸಲ ಹಿಂದೆ ಕೂರುವುದಿಲ್ಲ, ನಿನ್ನ ಎದುರಿಗೇ ಕೂರುತ್ತೇನೆ. ನೀನು ಬೇಡ ಅಂದರೆ ಅಲ್ಲೇ ಕತ್ತರಿಸುತ್ತೇನೆ.

ಇಂತಿ ನಿನ್ನ ಮಗಳು,
ಮಯೂರಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮಲಕವ್ವ ಹೇಳಿದಾಗ ನನಗೆ ಗೊತ್ತಾದದ್ದಲ್ಲ. ನಿನ್ನ ಕಾಂಡಿ ಬುಟ್ಟಿಯ ಪಕ್ಕದಲ್ಲೇ ಬೆಳೆದವಳಿಗೆ ತುಟಿ ಓದಲು ಬರುವುದಿಲ್ಲವೇ? ಆ ದಿನ ಶೆಡ್ಡಿನಲ್ಲಿ ಕ್ಯಾಮೆರಾದ ಹಿಂದೆ ನಿಂತಾಗಲೇ ಅಷ್ಟೂ ಓದಿದ್ದೆ. ಆದರೂ ಮರುದಿನ ಬಸ್ಸು ಹತ್ತಿದೆ. ಬಸ್ಸು ಹೊರಟ ಮೇಲೆ ನೀನು ಕೆಳಗೆ ನಿಂತು ಕಿಟಕಿಯ ಕಡೆ ಇನ್ನೂ ಏನೋ ಹೇಳುತ್ತಿದ್ದೆ. ಅದನ್ನೂ ಓದಿಬಿಟ್ಟರೆ ಇಳಿಯಬೇಕಾಗುತ್ತದೆಂದು ಮುಖ ತಿರುಗಿಸಿಕೊಂಡೆ. ಅದೇನು ಹೇಳಿದ್ದೆ, ಅವ್ವಾ?