ಫ್ಯಾನಿನ ಹಿಂದೆ ಸುತ್ತಿಕೊಂಡದ್ದು

ಮಡಕಶಿರಾ ಮಗ್ಗುಲ ನಮ್ಮೂರಿನಿಂದ
ಶುಕ್ರವಾರ, ನವೆಂಬರ್ ೧೫, ೨೦೨೪

ಪ್ರೀತಿಯ ಭುವಿ ಅಕ್ಕಾ,

ನೀನು ದೊಡ್ಡಮ್ಮ ಆಗುತ್ತಿದ್ದೀಯ! ಎರಡು ತಿಂಗಳು ತುಂಬಿ ಮೂರಕ್ಕೆ ಬಿತ್ತು. ಮೆಡಿಕಲ್ ಸ್ಟೋರಿನಿಂದ ತಂದ ಕಡ್ಡಿಯಲ್ಲಿ ಎರಡು ಸಲ ನೋಡಿದೆ, ಎರಡು ಸಲವೂ ಎರಡೆರಡು ಗೆರೆ. ಈ ಸುದ್ದಿ ಇಲ್ಲಿಯವರೆಗೆ ನನಗೊಬ್ಬಳಿಗೇ ಗೊತ್ತಿತ್ತು, ಈಗ ನಿನಗೂ ಗೊತ್ತಾಯಿತು. ಇವರಿಗೂ ಹೇಳಿಲ್ಲ. ಯಾಕೆಂದು ಪೂರ್ತಿ ಓದು, ಆಮೇಲೆ ಬೈಯುವೆಯಂತೆ.

ದೀಪಾವಳಿ ಆದಮೇಲೆ ನೀನು ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನಾನು "ಚೆನ್ನಾಗಿದೀನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ. ತಪ್ಪಾಯಿತು ಅಕ್ಕಾ. ಈ ಮನೆಯಲ್ಲಿ ಸಿಗ್ನಲ್ ಬರುವುದು ತುಳಸಿಕಟ್ಟೆಯ ಪಕ್ಕದಲ್ಲಿ ಮಾತ್ರ, ಅತ್ತೆ ಬೇಳೆ ಆರಿಸುವುದೂ ಅಲ್ಲೇ. ಅದಕ್ಕೇ ಕಾಗದ. ಅಕ್ಷರ ನೋಡಿ ನಗಬೇಡ. ಇಂಗ್ಲಿಷ್ ಮೀಡಿಯಂ ಹುಡುಗಿಗೆ ಕನ್ನಡ ಕಲಿಸಿದವಳು ನೀನು, ತಪ್ಪಿದ್ದರೆ ಟೀಚರಿಗೇ ಸೊನ್ನೆ.

ಇವರ ವಿಷಯ ಹೇಳಲು ಶುರು ಮಾಡಿದರೆ ಕಾಗದ ಸಾಲುವುದಿಲ್ಲ. ಕಿರಣ್ ಕುಮಾರ್ ಎಂಬ ಹೆಸರು ಬರೆಯುವಾಗಲೂ ನಗು ಬರುತ್ತದೆ. ಬೆಳಿಗ್ಗೆಯೆಲ್ಲ ಅಂಗಡಿಯಲ್ಲಿ ಬೋರ್‌ವೆಲ್ ಮೋಟರಿಗೆ ವೈಂಡಿಂಗ್ ಮಾಡುತ್ತಾರೆ, ಮಧ್ಯಾಹ್ನ ಕೆರೆಗೆ ಹೋಗುತ್ತಾರೆ. ನಮ್ಮ ಕೆರೆಗೆ ಕಾಲುವೆಯ ನೀರು ಬಂದು ತುಂಬಿತು ಎಂದು ಮದುವೆಯಲ್ಲಿ ಎಲ್ಲರೂ ಹೇಳುತ್ತಿದ್ದರಲ್ಲ, ಇವರು ಅದಕ್ಕೆಂದೇ ಒಂದು ಕಯಾಕ್ ತರಿಸಿದ್ದಾರೆ. ಹಳದಿ ಪ್ಲಾಸ್ಟಿಕ್ಕಿನ ಉದ್ದನೆಯ ದೋಣಿ, ಹಿಂದೆ ಕರೆಂಟಿನ ಪುಟ್ಟ ಮೋಟರ್. ಕೂತು ಗಾಳ ಹಾಕಬಹುದು, ಮೀನಿನ ಸಂಘದವರು ದಂಡೆಯಿಂದ ಬಿಟ್ಟ ಬಲೆ ನೋಡಿಬರಬಹುದು. ಎಷ್ಟೋ ವರ್ಷ ಒಣಗಿದ್ದ ಕೆರೆ ನೋಡು, ಊರಿನಲ್ಲಿ ಯಾರಿಗೂ ಈಜು ಬರುವುದಿಲ್ಲ, ಬೇರೆ ಯಾರ ಹತ್ತಿರವೂ ದೋಣಿ ಇಲ್ಲ. ಒಣಗಿದ್ದಾಗ ಕೆರೆಯಂಗಳದಲ್ಲಿ ಕಡಲೆ ಬೆಳೆದಿದ್ದರಂತೆ, ಬಾವಿ ತೋಡಿದ್ದರಂತೆ. ಆ ಬಾವಿ, ಬೇಲಿ, ಜಾಲಿಗಿಡಗಳೆಲ್ಲ ಹಾಗೆಯೇ ನೀರಿನ ಕೆಳಗಿವೆ. ಮೇಲಿನಿಂದ ನೋಡಿದರೆ ಕನ್ನಡಿಯಂತೆ ಇರುತ್ತದೆ.

ಮೋಟರಿನ ಜೊತೆ ಬಂದ ಪುಸ್ತಕ ಪೂರ್ತಿ ಇಂಗ್ಲಿಷು. ಇವರು ಓದಿದ್ದು ತೆಲುಗು ಮೀಡಿಯಂ. ಹಾಗಾಗಿ ಪುಸ್ತಕ ಓದುವ ಕೆಲಸ ನನ್ನದಾಯಿತು, ಆಮೇಲೆ ಬೆರಳು ಸಣ್ಣ ಎಂದು ಬಿಚ್ಚುವ ಕೆಲಸವೂ ನನ್ನದೇ ಆಯಿತು. ನಿನ್ನ ತಂಗಿ ಈಗ ಮೆಕ್ಯಾನಿಕ್ ಅಕ್ಕಾ. ಕೆರೆಯಿಂದ ಬಂದ ತಕ್ಷಣ ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಬ್ಯಾಟರಿಯ ತುದಿ ಒರೆಸಿ ವ್ಯಾಸಲೀನ್ ಹಚ್ಚಬೇಕು. ವಾರಕ್ಕೊಮ್ಮೆ ವೈರು ಕಳಚಿ, ನಟ್ಟು ಬಿಚ್ಚಿ, ನೀರು ತಳ್ಳುವ ಫ್ಯಾನನ್ನು ನೆಟ್ಟಗೆ ಹೊರಗೆಳೆಯಬೇಕು. ಅದರ ಹಿಂದೆ ಗಾಳದ ದಾರ, ಹುಲ್ಲು ಸುತ್ತಿಕೊಂಡಿರುತ್ತದೆ. ಬಿಡಿಸದೆ ಬಿಟ್ಟರೆ ಅದು ರಬ್ಬರ್ ಸೀಲನ್ನು ಕೊರೆದು ಒಳಗೆ ನೀರು ಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಮೋಟರ್ ಎಂದಿನಂತೆ ತಿರುಗುತ್ತಲೇ ಇರುತ್ತದೆ, ಒಳಗೆ ತುಕ್ಕು ಹಿಡಿಯುತ್ತಿರುತ್ತದೆ. ನಾನು ಓದಿ ಹೇಳುವಾಗ ಇವರು ಗಲ್ಲಕ್ಕೆ ಕೈಕೊಟ್ಟು ಮೋಟರನ್ನು ಬಿಟ್ಟು ನನ್ನನ್ನೇ ನೋಡುತ್ತಾರೆ. ಅತ್ತೆ ಒಂದು ದಿನ ಹೇಳಿಯೇಬಿಟ್ಟರು: "ಅದು ಮೋಟರಲ್ಲ ಕಣೆ, ನಿನ್ ಸವತಿ. ದಿನಾ ಸ್ನಾನ ಮಾಡುಸ್ತಾನೆ, ವ್ಯಾಸಲೀನ್ ಹಚ್ತಾನೆ. ನಿಂಗೆ ಒಂದ್ ಮೊಳ ಹೂವ ತಂದವ್ನಾ?"

ಈಗ ಬಸುರಿನ ವಿಷಯ ಯಾಕೆ ಮುಚ್ಚಿಟ್ಟೆ ಎಂಬುದು. ಆಷಾಢದಲ್ಲಿ ಪಕ್ಕದ ಹಳ್ಳಿಯ ಮುದುಕರೊಬ್ಬರು ಕೆರೆಗೆ ಬಿದ್ದರು. ಪೊಲೀಸರು ನೇರ ನಮ್ಮ ಮನೆಗೆ ಬಂದರು, ದೋಣಿ ಇರುವುದು ಇವರೊಬ್ಬರಲ್ಲೇ ತಾನೆ. ಇವರು ಹೋಗಿ ಹೆಣಕ್ಕೆ ಹಗ್ಗ ಕಟ್ಟಿ ಎಳೆದು ತಂದರು. ಮೂರು ದಿನ ಊಟ ಸೇರಲಿಲ್ಲ. ಅವತ್ತು ಅತ್ತೆ ಅಂಗಳದಲ್ಲೇ ಇವರ ತಲೆಗೆ ನೀರು ಸುರಿಯುತ್ತ ಹೇಳಿದ್ದರು: "ಇದೇ ಕೊನೆ. ಹೆಂಡ್ತಿ ಬಸುರಿ ಆದ್ಮೇಲೆ ಗಂಡ ಹೆಣ ಮುಟ್ಟಂಗಿಲ್ಲ, ಕೆರೆಗಿಳಿಯಂಗಿಲ್ಲ. ಮಗೀಗೆ ಆಗ್ಬರಲ್ಲ." ನನ್ನ ಕಡೆ ತಿರುಗಿ, ನಿಮ್ಮ ಇಂಗ್ಲಿಷಿನಲ್ಲಿ ಇದೆಲ್ಲ ಬರೆದಿಲ್ಲವೇನೋ ಎಂದರು. ನಾನು ಒಳಗೆ ಹೋಗಿ ಸೆರಗು ಬಾಯಿಗಿಟ್ಟು ನಕ್ಕಿದ್ದೆ. ಸುದ್ದಿ ಹೇಳಿದ ದಿನವೇ ದೋಣಿಗೆ ಬೀಗ ಬೀಳುತ್ತದೆ, ಹೆರಿಗೆಯವರೆಗೆ ಇವರು ದಂಡೆಯ ಮೇಲೆ ಕೂತು ನೀರು ನೋಡಬೇಕು. ಪಾಪ, ಇನ್ನೊಂದು ತಿಂಗಳು ಆಡಿಕೊಂಡಿರಲಿ ಎಂದು ಸುಮ್ಮನಿದ್ದೆ. ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಕ್ಕಾ.

ರೇಖಾ ಎಂಬ ಹುಡುಗಿಯ ಬಗ್ಗೆ ನಿನಗೆ ಹೇಳಿದ್ದೆನೋ ಇಲ್ಲವೋ. ಕೆರೆ ಏರಿಯ ಮೇಲೆ ಟೀ ಅಂಗಡಿ ಇಟ್ಟಿರುವ ಎರ್ರಪ್ಪ ಮಾಮನ ಮಗಳು. ಗಂಡನ ಮನೆ ಬಿಟ್ಟು ಬಂದು ಅಪ್ಪನ ಜೊತೆ ಇದ್ದಳು. ಈ ಊರಿನಲ್ಲಿ ನನ್ನ ಜೊತೆ ಮೊದಲು ಮಾತಾಡಿದವಳು ಅವಳೇ. ನನ್ನ "ಬರ್ರಿ, ಹೋಗ್ರಿ"ಯನ್ನು ಅಣಕಿಸುತ್ತಿದ್ದಳು. ಅವಳ ಗಿಳಿಹಸಿರು ಸೀರೆಗೆ ನಾನೇ ಕುಚ್ಚು ಹಾಕಿಕೊಟ್ಟೆ. ಅಮ್ಮ ನಮ್ಮಿಬ್ಬರಿಗೂ ಕಲಿಸಿದ ಕುಚ್ಚು, ಮೂರು ಗಂಟು, ನಡುವೆ ಕುಂಕುಮ ಬಣ್ಣದ ದಾರದ ಒಂದು ಸುತ್ತು. ಈ ಕಡೆ ಎಲ್ಲರೂ ಎರಡೇ ಗಂಟು ಹಾಕುತ್ತಾರೆ. ಅವಳು ಸೆರಗು ಹರಡಿಕೊಂಡು ಊರೆಲ್ಲ ತೋರಿಸಿ ಬಂದಳು.

ದೀಪಾವಳಿಗೆ ನಾಲ್ಕು ದಿನ ಇರುವಾಗ ರೇಖಾ ಕಾಣೆಯಾದಳು. ಹಿಂದೂಪುರದ ಗಾರ್ಮೆಂಟ್ಸಿಗೆ ಸೇರಿಕೊಂಡಿರಬೇಕು ಎಂದರು ಕೆಲವರು. ಯಾರದೋ ಜೊತೆ ಹೋದಳು ಎಂದರು ಉಳಿದವರು. ಕಂಪ್ಲೇಂಟ್ ಕೊಟ್ಟರೆ ಮಗಳ ಹೆಸರು ಹಾಳಾಗುತ್ತದೆ ಎಂದು ಎರ್ರಪ್ಪ ಮಾಮ ಸ್ಟೇಷನ್ನಿಗೆ ಹೋಗಲಿಲ್ಲ. ಸಂಬಳದ ದಿನ ಫೋನ್ ಮಾಡುತ್ತಾಳೆ ಎಂದು ಟೀ ಸೋಸುತ್ತಲೇ ಎಲ್ಲರಿಗೂ ಹೇಳುತ್ತಿದ್ದ.

ಹೋದ ಶನಿವಾರ ಇವರು ಕೆರೆಯಿಂದ ಬಂದವರೇ, ಮೋಟರ್ ಮುಲುಗುತ್ತಿದೆ, ನೋಡು ಎಂದರು. ನಾಲೆ ಬೀಳುವ ಮೂಲೆಯಲ್ಲಿ, ಹಳೆಯ ಬಾವಿ ಇರುವ ಕಡೆ, ಏನೋ ಹಿಡಿದಂತಾಗಿ ನಿಂತೇಹೋಗಿತ್ತಂತೆ. ಹಿಂದಕ್ಕೆ ತಿರುಗಿಸಿ ಜಗ್ಗಿ ಬಿಡಿಸಿಕೊಂಡು ಬಂದರಂತೆ. ಇವರು ಕೈಕಾಲು ತೊಳೆಯಲು ಹೋದರು. ನಾನು ಎಂದಿನಂತೆ ಹಾಡು ಗುನುಗುತ್ತ ನಟ್ಟು ಬಿಚ್ಚಿದೆ, ಫ್ಯಾನು ಎಳೆದೆ. ಹಿಂದೆ ಗಾಳದ ದಾರ ಇತ್ತು. ದಾರದ ಜೊತೆ ಬಟ್ಟೆ ಇತ್ತು, ಬೆರಳುದ್ದ, ಕೆಸರು ಮೆತ್ತಿ ಕಪ್ಪಾಗಿತ್ತು. ತಟ್ಟೆಯ ನೀರಿನಲ್ಲಿ ಅದ್ದಿದೆ. ಹಸಿರು ಬಂತು. ಅಂಚಿನಲ್ಲಿ ಮೂರು ಗಂಟು, ನಡುವೆ ಕುಂಕುಮ ಬಣ್ಣದ ಸುತ್ತು. ಅದರೊಳಗೆ ಕೂದಲೂ ಇತ್ತು ಅಕ್ಕಾ, ಉದ್ದನೆಯ ಕೂದಲು.

ಆ ಗಂಟನ್ನು ಗುರುತಿಸುವವರು ಈ ಊರಿನಲ್ಲಿ ನಾನೊಬ್ಬಳೇ.

ಇವರು ಟವೆಲಿನಲ್ಲಿ ಮುಖ ಒರೆಸುತ್ತ ಬಂದು, "ಏನೇ ಸುತ್ಕಂಡಿತ್ತು?" ಎಂದರು. "ಬಲಿ ದಾರ ಅಷ್ಟ ರೀ" ಎಂದೆ. ಬಟ್ಟೆ ನನ್ನ ಮುಷ್ಟಿಯಲ್ಲಿತ್ತು. ನೀರೊಲೆಯಲ್ಲಿ ಉರಿ ಇತ್ತು. ಹಾಕಿಬಿಟ್ಟೆ. ಒದ್ದೆಯಾಗಿದ್ದರಿಂದ ಬೇಗ ಸುಡಲಿಲ್ಲ, ಅಲ್ಲೇ ನಿಂತಿದ್ದೆ. ಅತ್ತೆ ಬಂದು, ಸೌದೆ ಒಟ್ಟುವುದನ್ನೂ ಕಲಿತೆಯಲ್ಲ ಎಂದು ಹೊಗಳಿ ಹೋದರು.

ಯೋಚನೆ ಮಾಡು. ನಾನು ಬಾಯಿ ಬಿಟ್ಟರೆ ಅವಳನ್ನು ಎತ್ತಿ ತರಬೇಕಾದವರು ಇವರೇ, ಈ ಕೈಗಳೇ, ಅದೂ ನಾನು ಹೀಗಿರುವಾಗ. ಬಸುರಿ ಎಂದು ಹೇಳಿದರೆ ದೋಣಿಗೆ ಬೀಗ, ಅವಳು ಆ ಬಾವಿಯ ಮೂಲೆಯಲ್ಲೇ ಉಳಿಯುತ್ತಾಳೆ. ಎರಡನ್ನೂ ಹೇಳಿದರೆ ಇವರು ತಾಯಿಯ ಮಾತು ಮೀರಿ ಹೋಗಿಯೇ ಹೋಗುತ್ತಾರೆ, ಇವರ ಮನಸ್ಸು ನನಗೆ ಗೊತ್ತು. ಆಮೇಲೆ ಮಗುವಿಗೆ ಒಂದು ಸಣ್ಣ ಜ್ವರ ಬಂದರೂ ಅತ್ತೆಯ ಕಣ್ಣು ನನ್ನನ್ನು ಹುಡುಕುತ್ತದೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ನಿನಗೆ ಗೊತ್ತು. ಆದರೂ ಶನಿವಾರದಿಂದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತೇನೆ.

ಸುಮ್ಮನಿದ್ದರೆ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ. ಮುಚ್ಚುವುದಿಲ್ಲ. ಮರುದಿನ ಇವರು ಮೋಟರ್ ಪೂರ್ತಿ ಬಿಚ್ಚಿದರು. ಸೀಲು ಕೊಯ್ದಿತ್ತು, ಒಳಗೆ ಒಂದು ಚಮಚ ನೀರು. ಬಲೆ ದಾರ ಇಷ್ಟು ಆಳ ಕೊಯ್ಯುವುದಿಲ್ಲವಲ್ಲ ಎಂದು ಸೀಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊಸ ಸೀಲಿಗೆ ಬೆಂಗಳೂರಿಗೆ ಹೇಳಿದ್ದಾರೆ, ಬರುವ ಗುರುವಾರ ಸಂಜೆ ಕೊರಿಯರ್ ಬರುತ್ತದೆ. "ಶುಕ್ರವಾರ ಬೆಳಿಗ್ಗೆ ಆ ಮೂಲೆಗೇ ಹೋಗ್ತೀನಿ" ಎಂದರು. "ಅಲ್ಲೇನೋ ಐತೆ. ಕೊಕ್ಕೆ ಹಾಕಿ ಎಳ್ದು ತೆಗ್ದುಬಿಡ್ತೀನಿ. ಇಲ್ದಿದ್ರೆ ಹೊಸ ಸೀಲೂ ಹೋಗ್ತದೆ." ಹೋಗಬೇಡಿ ಎಂದೆ. ಯಾಕೆ ಎಂದರು. ಮುತ್ತು ಕೊಟ್ಟೆ. ನಕ್ಕರು.

ಎರ್ರಪ್ಪ ಮಾಮ ಮಂಗಳವಾರ ಮನೆಗೆ ಬಂದಿದ್ದ, ಕೈಯಲ್ಲಿ ಹಿಂದೂಪುರದ ಒಂದು ಫ್ಯಾಕ್ಟರಿಯ ನಂಬರ್ ಬರೆದ ಚೀಟಿ. "ತಾಯಿ, ನಿಂಗೆ ಇಂಗ್ಲೀಸು ಬತ್ತದೆ. ನಮ್ಮಂತೋರು ಕೇಳಿದ್ರೆ ಅವ್ರು ಫೋನ್ ಇಟ್ಬಿಡ್ತಾರೆ. ನೀನೇ ಒಂದ್ ಮಾತು ಕೇಳು, ನಮ್ ರೇಖಾ ಅಲ್ಲೈತಾ ಅಂತ." ತುಳಸಿಕಟ್ಟೆಯ ಹತ್ತಿರ ನಿಂತು ಫೋನ್ ಮಾಡಿಕೊಟ್ಟೆ. ಅವನ ಸಮಾಧಾನಕ್ಕೆ ಅಷ್ಟಾದರೂ ಮಾಡಬೇಕಿತ್ತು.

ಅಪ್ಪನಿಗೆ, ಭಾವನಿಗೆ ನಮಸ್ಕಾರ ಹೇಳು. ಜೀನ್ಸ್ ಆರ್ಡರ್ ಜೋರಾಗಿದೆ ಎಂದು ಅಪ್ಪ ರಾತ್ರಿಯೆಲ್ಲ ಕಟಿಂಗ್ ಟೇಬಲ್ಲಿನ ಮುಂದೆ ನಿಲ್ಲದಿರಲಿ, ಮಂಡಿ ನೋವು ಹೆಚ್ಚಾಗುತ್ತದೆ. ಪುಟ್ಟನಿಗೆ ಚಿಕ್ಕಮ್ಮನ ನೂರು ಮುತ್ತು. ನೀನು ಮನಸ್ಸಿನಲ್ಲೇ ನನ್ನ ತಲೆಯ ಮೇಲೆ ಕೈಯಿಟ್ಟು ಹರಸು ಅಕ್ಕಾ. ಒಬ್ಬಳಿಗಲ್ಲ, ಇಬ್ಬರಿಗೂ ಸೇರಿಸಿ.

ನಿನ್ನ ಮುದ್ದಿನ ತಂಗಿ
ಹರಿತಾ

ಮರೆತಿದ್ದು: ಮರೆತಿಲ್ಲ ಅಕ್ಕಾ, ಬರೆಯಲು ಕೈ ಬರಲಿಲ್ಲ. ಆ ಫೋನಿನಲ್ಲಿ ಅವರು, ಆ ಹೆಸರಿನವರು ಯಾರೂ ಇಲ್ಲ, ಎರಡು ತಿಂಗಳಿನಿಂದ ಹೊಸಬರನ್ನೇ ತೆಗೆದುಕೊಂಡಿಲ್ಲ ಎಂದರು. ನಾನು ಫೋನ್ ಇಟ್ಟು ತಿರುಗಿದೆ. ಎರ್ರಪ್ಪ ಮಾಮ ಚಪ್ಪಲಿ ಬಿಟ್ಟು, ಕೈ ಕಟ್ಟಿ, ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದ. ನನ್ನ ಬಾಯಿಂದ ಬಂದಿದ್ದು, "ಇದ್ದಾಳಂತೆ ಮಾಮ, ಚೆನ್ನಾಗಿದ್ದಾಳಂತೆ." ಸೀರೆಯ ಆ ತುಂಡು ಸುಟ್ಟು ಮೂರು ದಿನವಾಗಿತ್ತು. ಅವನು ಅಲ್ಲೇ ಕೂತು ಅತ್ತ. ಅತ್ತೆ ಅವನಿಗೆ ಬೆಲ್ಲ ಕೊಟ್ಟರು. ಇವರು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು.

ನಾನು ತವರಿಗೆ ಹೋಗಿಬರುತ್ತೇನೆ ಎಂದು ಹಟ ಮಾಡಿ ಒಪ್ಪಿಸಿದ್ದೇನೆ. ಗುರುವಾರದ ಬೆಳಗಿನ ಬಸ್ಸು. ಅದೇ ಬಸ್ಸಿನಲ್ಲಿ ಹಿಂದೂಪುರದವರೆಗೆ ಎರ್ರಪ್ಪ ಮಾಮನೂ ಬರುತ್ತಾನೆ, ಮಗಳನ್ನು ನೋಡಿ ಕರೆದುಕೊಂಡು ಬರಲು. ಈಗಿನಿಂದಲೇ ಅಂಗಡಿ ಮುಚ್ಚಿ, ಕ್ಷೌರ ಮಾಡಿಸಿಕೊಂಡು, ಅವಳಿಗೆಂದು ಚಕ್ಕುಲಿ ಕರಿಸಿಟ್ಟಿದ್ದಾನೆ. ಫ್ಯಾಕ್ಟರಿ ಗೇಟಿನಲ್ಲಿ ಒಂದು ಮಾತು ಇಂಗ್ಲಿಷಿನಲ್ಲಿ ಹೇಳಿಕೊಟ್ಟು ಹೋಗು ತಾಯಿ ಎಂದಿದ್ದಾನೆ, ಅದಕ್ಕೇ ನಾನು ಹೊರಡುವವರೆಗೆ ಕಾದಿದ್ದಾನೆ. ಪಕ್ಕದ ಸೀಟು ಹಿಡಿಯುತ್ತಾನಂತೆ. ಅಷ್ಟು ದೂರ ಅವನ ಪಕ್ಕ ಕೂತು ನಾನು ಏನು ಹೇಳುತ್ತೇನೋ, ಹೇಳುತ್ತೇನೋ ಇಲ್ಲವೋ, ನನಗೇ ಗೊತ್ತಿಲ್ಲ.

ಗುರುವಾರ ಗುಂತಕಲ್ಲಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತೇನೆ. ಶುಕ್ರವಾರ ಇವರು ಕೊಕ್ಕೆ ಹಿಡಿದು ಆ ಮೂಲೆಗೆ ಹೋಗುವ ಹೊತ್ತಿಗೆ ನಾನು ರೈಲಿನಲ್ಲಿರುತ್ತೇನೆ. ಸ್ಟೇಷನ್ನಿಗೆ ನೀನೊಬ್ಬಳೇ ಬಾ, ಅಪ್ಪನನ್ನು ಕರೆತರಬೇಡ. ಶುಕ್ರವಾರ, ನವೆಂಬರ್ ೨೨, ತಿರುಪತಿಯಿಂದ ಬರುವ ಕದಿರಿದೇವರಪಲ್ಲಿ ಪ್ಯಾಸೆಂಜರ್.