ಚಕ್ಕುಲಿ ಒರಳಿನ ಕಡಲು

೪ ಅಕ್ಟೋಬರ್ ೧೯೬೫, ಸಂಜೆ ೫

ಬೆಳಿಗ್ಗೆ ನಾಲ್ಕಕ್ಕೆ ಡಿಕಾಕ್ಷನ್ ಇಳಿಸಿದೆ. ಹತ್ತರವರೆಗೆ ತಲೆ ಎತ್ತಲಿಲ್ಲ. ತ್ರಿಪ್ಲಿಕೇನಿನ ಅರ್ಧ ಜನಕ್ಕೆ ಇವತ್ತೇ ಕಾಫಿ ಬೇಕಾಗಿತ್ತು. ಮಧ್ಯಾಹ್ನ ಧಣಿ ವಿಷ್ಣುಮೂರ್ತಿ ರಾಯರು ಹೇಳಿದರು — ದೀಪಾವಳಿಗೆ ಮೊದಲು ಹೋಟೆಲಿನ ಹೊರಗೋಡೆಗಳಿಗೆಲ್ಲ ಸಿಮೆಂಟ್ ಬಳಿಸಿ ನುಣ್ಣಗೆ ಮಾಡಿಸುತ್ತಾರಂತೆ. ಬಸ್ ಸ್ಟಾಪಿನ ಕಡೆಯದಕ್ಕೂ.

ಆ ಗೋಡೆಯ ಮೇಲೆ ಕಾಂಕ್ರೀಟಿನ ಉಬ್ಬುಚಿತ್ರ ಇದೆ. ಕಡಲು, ದೋಣಿ, ಸೂರ್ಯ. ಎಂಟು ವರ್ಷದ ಹಿಂದೆ ಆರ್ಟ್ ಸ್ಕೂಲಿನ ತಿರುಮಲ ಮಾಡಿದ್ದು. ಯಾರೂ ನೋಡುವುದಿಲ್ಲ. ಸೈಕಲ್ ಒರಗಿಸುತ್ತಾರೆ, ಪೋಸ್ಟರ್ ಅಂಟಿಸುತ್ತಾರೆ.

ಅಲೆಗಳು ಮಾತ್ರ ನನ್ನ ಹೆಂಡತಿ ಸರಸ ಮಾಡಿದ್ದು. ಅದು ಯಾರಿಗೂ ಗೊತ್ತಿಲ್ಲ.

೫ ಅಕ್ಟೋಬರ್

ಬರೆದಿಡುತ್ತೇನೆ. ತಿರುಮಲನ ಕರಣೆಗೆ ಅಲೆ ಬರುತ್ತಲೇ ಇರಲಿಲ್ಲ. ನೋಡುತ್ತ ನಿಂತಿದ್ದ ಸರಸ ಒಳಗೆ ಹೋಗಿ ಚಕ್ಕುಲಿ ಒರಳು ತಂದಳು. ರಾಯರ ಹೆಂಡತಿ ಚಂದ್ರಮತಿ ಅಮ್ಮನದು — ಹಿತ್ತಾಳೆಯದು, ತವರಿನಿಂದ ಬಂದದ್ದು. ಅಷ್ಟಮಿಗೆಂದು ಕೇಳಿ ತಂದಿದ್ದಳು. ಸಿಮೆಂಟ್ ತುಂಬಿಸಿ ಒತ್ತಿದಳು. ಅಲೆ ಅಂದರೆ ಅಲೆ! ಆ ಖುಷಿಯಲ್ಲಿ ಒರಳು ತೊಳೆಯುವುದನ್ನೇ ಮರೆತಳು. ಮರುದಿನ ಒಳಗೆಲ್ಲ ಕಲ್ಲು. ಹೆದರಿ ಟ್ರಂಕಿನ ಹಿಂದೆ ಅಡಗಿಸಿಟ್ಟು, ಅವರ ಮನೆಯ ಜಗಲಿಯಲ್ಲಿ ವಾಪಸ್ ಇಟ್ಟಿದ್ದೆ, ಅಲ್ಲಿಂದಲೇ ಕಳೆದುಹೋಯಿತು ಎಂದಳು. ನಾನೂ ಹೌದೆಂದೆ.

ಅವಳು ಹೋಗಿ ಏಳು ತಿಂಗಳು. ನಿಜ ಹೇಳಿದರೆ ಗೋಡೆ ಉಳಿಯಬಹುದು. ಸತ್ತ ಮೇಲೆ ಅವಳಿಗೆ ಸುಳ್ಳುಗಾತಿ ಎಂಬ ಹೆಸರು...

೯ ಅಕ್ಟೋಬರ್, ಮಧ್ಯಾಹ್ನ ೩

ಪೋಸ್ಟರ್ ಕಿತ್ತೆ. ಹುಣಸೆಹಣ್ಣು, ತೆಂಗಿನ ನಾರು ಹಾಕಿ ಪಾತ್ರೆ ತಿಕ್ಕಿದ ಹಾಗೆ ಗೋಡೆ ತಿಕ್ಕಿದೆ. ಅಡುಗೆಯ ಕಾಂತಪ್ಪ ಇಣುಕಿದ.

“ಎಂತ ಮಾರಾಯ, ಗೋಡೆಗೆ ಅಭ್ಯಂಜನವಾ? ಸೀಗೆಪುಡಿ ಕೊಡ್ಲಾ?”

ಬಸ್ಸಿಗೆ ಕಾಯುತ್ತಿದ್ದ ಅಜ್ಜಿ ತಿರುಗಿ, “ಅಡಡೇ, ಇಂಗ ಕಡಲ್ ಇರುಕ್ಕೇ!” ಎಂದಳು — ಅರೆ, ಇಲ್ಲಿ ಕಡಲಿದೆಯಲ್ಲ, ಅಂತ. ಎಂಟು ವರ್ಷದಿಂದ ದಿನಾ ಅಲ್ಲೇ ನಿಲ್ಲುವವಳು. ನಗು ಬಂತು. ಎಷ್ಟೋ ದಿನದ ಮೇಲೆ.

೧೪ ಅಕ್ಟೋಬರ್

ಮೇಸ್ತ್ರಿ ಬಂದು ಅಳತೆ ತೆಗೆದ. ರಾಯರಿಗೆ ಹೇಳೋಣವೆಂದು ಹೋದೆ. ಕಾಫಿ ಇಟ್ಟು ವಾಪಸ್ ಬಂದೆ.

೧೯ ಅಕ್ಟೋಬರ್, ಸಂಜೆ ೬

ಒರಳನ್ನು ಟವೆಲಿನಲ್ಲಿ ಸುತ್ತಿಕೊಂಡು ರಾಯರ ಮನೆಗೆ ಹೋದೆ. ಚಂದ್ರಮತಿ ಅಮ್ಮ ಹಬ್ಬದ ಚಕ್ಕುಲಿಗೆ ಹಿಟ್ಟು ಕಲಸುತ್ತಿದ್ದರು. ಎದುರಿಗಿಟ್ಟೆ.

“ಇದು ನನ್ನದಲ್ವಾ! ಒಳಗೆ ಎಂತ ಇದು, ಕಲ್ಲಾ?”

“ಸರಸ... ಗೋಡೆಯ ಅಲೆ... ಸಿಮೆಂಟ್...” ಅಷ್ಟೇ ಆಯಿತು ನನ್ನಿಂದ.

ಹಿಟ್ಟಿನ ಕೈಯಲ್ಲೇ ಎದ್ದು ಹೋಟೆಲಿಗೆ ಹೊರಟರು. ಗೋಡೆಯ ಮೇಲೆ ಬೆರಳಾಡಿಸಿದರು. ಅವರ ಒರಳಿನ ಅಚ್ಚಿನಲ್ಲಿ ಒಂದು ಹಲ್ಲು ಸವೆದಿತ್ತು. ಚಕ್ಕುಲಿಗೆ ಒಂದು ಬದಿ ಮುಳ್ಳು ಏಳುತ್ತಿರಲಿಲ್ಲ. ಅಲೆಗಳಿಗೂ ಅಷ್ಟೇ — ಒಂದು ಬದಿ ನುಣ್ಣಗೆ.

“ನನ್ನ ಒರಳಿನದ್ದೇ! ಅಯ್ಯೋ, ನಾನು ನಾದಿನಿ ಹೊತ್ತುಕೊಂಡು ಹೋದಳು ಅಂತ ಎಂಟು ವರ್ಷ ಸರಿಯಾಗಿ ಮಾತಾಡ್ಲಿಲ್ಲವಲ್ಲ, ಮಧ್ವ!”

ಅವರು ನಕ್ಕರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಕಳ್ಳಿ ಸರಸ! ನಂಗೆ ಹೇಳಿದ್ರೆ ನಾನೂ ನಾಲ್ಕು ಸುತ್ತು ಒತ್ತುತ್ತಿದ್ದೆ.”

ರಾಯರು ಗಲ್ಲಾ ಬಿಟ್ಟು ಬಂದರು. ಅಮ್ಮ ಗೋಡೆಗೆ ಅಡ್ಡ ನಿಂತು, “ಇದಕ್ಕೆ ಕರಣೆ ಮುಟ್ಟಿಸಿದರೆ ಈ ಹಬ್ಬಕ್ಕೆ ನಿಮಗೆ ಚಕ್ಕುಲಿ ಇಲ್ಲ” ಎಂದರು.

“ಆಯ್ತು ಮಾರಾಯ್ತಿ, ರಸ್ತೆಯಲ್ಲಿ ಬೊಬ್ಬೆ ಹಾಕ್ಬೇಡ.”

ಅಮ್ಮ ಒರಳನ್ನು ನನ್ನ ಕೈಗೇ ಕೊಟ್ಟರು. ಸರಸಳ ಫೋಟೋದ ಪಕ್ಕ ಇಟ್ಟಿದ್ದೇನೆ.

ನಾಳೆ ಏಳಕ್ಕೆ ಮೇಸ್ತ್ರಿ ಬರುತ್ತಾನೆ. ಉಳಿದ ಮೂರು ಗೋಡೆಗೆ.