ಹೆಸರಿಲ್ಲದ ಎಡೆ

ತಿಪಟೂರು

ಫಾದರ್ ಅವರಿಗೆ ನಮಸ್ಕಾರ.

ಅಜ್ಜಿಯ ಹೆಸರು ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಇಲ್ಲವೆಂದು ಬರೆದಿದ್ದೀರಿ. ಅದು ಅಲ್ಲಿ ಇರಲಾರದು, ಸರಿಯೇ. ನಿಮ್ಮ ಚರ್ಚಿಗೆ ಸೇರಿದ್ದ ಅವರ ತಾಯಿ ಹೆತ್ತ ದಿನವೇ ತೀರಿಕೊಂಡರಂತೆ. ಕೂಸನ್ನು ಕಂದಿಕೆರೆಯ ತೋಟದ ಮನೆಯವರು ಸಾಕಿ, ಹೊಂಬಾಳಮ್ಮ ಎಂದು ಕರೆದರು. ಆದ್ದರಿಂದ ದಯವಿಟ್ಟು ಅಜ್ಜಿ ಹುಟ್ಟಿದ ವರ್ಷದ ಸಮಾಧಿ ರಿಜಿಸ್ಟರ್ ನೋಡಿ. ಹೆರಿಗೆಯಲ್ಲಿ ಹೋದವರೆಂದು ಬರೆದಿರಬಹುದು.

ಪಿತೃಪಕ್ಷದಲ್ಲಿ ನಾವು ಹಿರಿಯರ ಹೆಸರು ಹಿಡಿದು ಕರೆದು ಎಡೆ ಇಡುತ್ತೇವೆ. ತಾಯಿಗೆಂದು ಕೊನೆಗೊಂದು ಎಲೆ ಹಾಕಿ ಅಜ್ಜಿ, "ಹೆಸ್ರೇ ಗೊತ್ತಿಲ್ದೆ ಹೆಂಗ್ ಕರೀಲವ್ವಾ?" ಅನ್ನುತ್ತಾರೆ.

"ಹಳೇದ್ಯಾಕೆ ಕೆದಕ್ತೀಯ, ಬುಡು" ಎಂದರು ಅಪ್ಪ. ನಾನು ಬಿಡುವುದಿಲ್ಲ.

ಸೋಮವಾರ ಅಜ್ಜಿಯನ್ನು ಕರೆತರುತ್ತೇನೆ. ಹೆಸರು ಸಿಕ್ಕಿದ್ದರೆ ಮೊದಲು ಅವರ ಕಿವಿಯಲ್ಲಿ ಹೇಳಿ. ನಾನು ಹೊರಗೆ ನಿಂತಿರುತ್ತೇನೆ.

ಹೊಂಬಾಳಮ್ಮನವರ ಮೊಮ್ಮಗಳು,
ಯೋಗಿತಾ